ಕಿಂಗ್ ಕಾಂಗ್ (1933) ಈಗ ನೋಡಿದ್ರೆ ಹೆಂಗನಿಸ್ತೈತೆ? ಮಕ್ಕಳಿಗೆ ತೋರಿಸ್ಬೇಕು ಅಂತಿದೀನಿ

ಸಂಡೂರ್_ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆ ಸಂಡೂರು ಕಡೆ ಒಂದು ಹೈಸ್ಕೂಲ್‌ನಾಗೆ ಮೇಷ್ಟ್ರು. ಶನಿವಾರ ಬೆಳಗಿನ ಕ್ಲಾಸು ಮುಗುದ ಮೇಲೆ ಎಂಟನೇದು ಒಂಬತ್ತನೇದು ಓದೋ ಮಕ್ಕಳಾಗೆ ಇಷ್ಟ ಇದ್ದೋರು ಉಳ್ಕಂತಾರೆ, ಕಿಟಕಿಗೆ ಜಮಖಾನ ಕಟ್ಟಿ ಕತ್ಲೆ ಮಾಡಿ ಪ್ರೊಜೆಕ್ಟರ್ ಹಚ್ಚಿ ಗೋಡೆ ಮೇಲೆ ಒಂದು ಹಳೇ ಸಿನಿಮಾ ತೋರಿಸ್ತೀನಿ. ಇಂಗ್ಲಿಷ್‌ದಾದ್ರೆ ಪಕ್ಕದಾಗೆ ನಿಂತ್ಕಂಡು ನಾನೇ ಕನ್ನಡದಾಗೆ ಹೇಳ್ತಾ ಹೋಗ್ತೀನಿ. ಮುಂದಿನ ಶನಿವಾರಕ್ಕೆ 1933ರ ಕಿಂಗ್ ಕಾಂಗ್ ತೋರಿಸೋಣ ಅಂತ ಹೋದ ವಾರ ಮನೆಯಾಗೆ ಒಂದ್ಸಲ ಹಾಕಿ ನೋಡ್ದೆ. ಸಣ್ಣೋನಿದ್ದಾಗ ಟೀವಿಯಾಗೆ ಅರ್ಧಂಬರ್ಧ ನೋಡಿದ್ದು, ದೊಡ್ಡ ಕೋತಿ ಬಿಲ್ಡಿಂಗ್ ಹತ್ತಿದ್ದೊಂದೇ ನೆನಪಿತ್ತು. ಈಗ ಪೂರ್ತಿ ನೋಡಿದ ಮೇಲೆ ಎರಡು ದಿನದಿಂದ ಅದೇ ತಲೆಯಾಗೆ ತಿರುಗ್ತೈತೆ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಗೊತ್ತಿಲ್ದೋರಿಗೆ ಕಥೆ ಒಂದೆರಡು ಮಾತಿನಾಗೆ. ಕಾರ್ಲ್ ಡೆನ್ಹಮ್ ಅನ್ನೋ ಸಿನಿಮಾದೋನು, ಹಸುಕಂಡು ಅಂಗಡಿ ಮುಂದಿನ ಸೇಬು ಹಣ್ಣಿಗೆ ಕೈ ಹಾಕಿದ ಆನ್ ಅನ್ನೋ ಹುಡುಗೀನ ಹಡಗು ಹತ್ತಿಸ್ಕಂಡು ಸುಮಾತ್ರಾದ ಪಶ್ಚಿಮಕ್ಕಿರೋ ಒಂದು ದ್ವೀಪಕ್ಕೆ ಹೋಗ್ತಾನೆ, ಅಲ್ಲಿಯೋರು ಆಕೀನ ಹಿಡ್ಕಂಡು ಹೋಗಿ ಕಾಂಗ್ ಅನ್ನೋ ಆ ದೊಡ್ಡ ಕೋತಿಗೆ ಒಪ್ಪಿಸ್ತಾರೆ, ಕಾಂಗ್ ಆಕೀನ ತಿನ್ನಲ್ಲ, ದೊಡ್ಡ ದೊಡ್ಡ ಪ್ರಾಣಿಗಳ ಜೊತೆ ಬಡಿದಾಡಿ ಕಾಪಾಡ್ಕಂತಾನೆ. ಕೊನೆಗೆ ಡೆನ್ಹಮ್ ಗ್ಯಾಸ್ ಬಾಂಬ್ ಹಾಕಿ ಅವನ್ನ ಕೆಡವಿ ನ್ಯೂಯಾರ್ಕ್‌ಗೆ ತಂದು ಸರಪಳಿ ಬಿಗಿದು ಸ್ಟೇಜ್ ಮೇಲೆ ನಿಲ್ಲಿಸ್ತಾನೆ. ಅಲ್ಲಿಂದ ಕಿತ್ಕಂಡು ಎಂಪೈರ್ ಸ್ಟೇಟ್ ಬಿಲ್ಡಿಂಗ್ ಹತ್ತೋದು, ವಿಮಾನದಾಗೆ ಬಂದು ಗುಂಡು ಹೊಡೆಯೋದು. ಮೇರಿಯನ್ ಕೂಪರ್, ಅರ್ನೆಸ್ಟ್ ಶೋಡ್‌ಸ್ಯಾಕ್ ಅಂತ ಇಬ್ರು ಮಾಡಿದ್ದು, ಆ ಬಿಲ್ಡಿಂಗ್ ಎದ್ದು ಬರೀ ಎರಡು ವರ್ಷ ಆಗಿತ್ತು ಅಷ್ಟೆ.

ನನ್ನ ತೊಂದ್ರೆ ಏನಂದ್ರೆ, ನಮ್ಮ ಹುಡುಗ್ರು ಮೊಬೈಲ್‌ನಾಗೆ ಈಗಿನ ಗ್ರಾಫಿಕ್ಸ್ ನೋಡಿ ಬೆಳೆದೋರು. ಈ ಕಾಂಗ್ ಮೈಮೇಲಿನ ಕೂದ್ಲು ಸುಮ್ಸುಮ್ನೆ ಅಲ್ಲಾಡ್ತಾ ಇರ್ತೈತೆ, ಗಾಳಿ ಇಲ್ಲ ಏನಿಲ್ಲ, ನಡಿಗೆ ಕಟ್ ಕಟ್ ಅಂತ ಬರ್ತೈತೆ. ನಕ್ಕು ಬಿಟ್ರೆ ಮುಗೀತು, ಮುಂದಿನದು ಯಾವುದೂ ಮನಸಿಗೆ ಹತ್ತಲ್ಲ. ಇನ್ನೊಂದು ಆ ದ್ವೀಪದ ಜನರನ್ನ ತೋರಿಸಿದ ರೀತಿ, ಅದನ್ನ ನೋಡ್ತಾ ನಂಗೇ ಕುಂತಲ್ಲಿ ಕಸಿವಿಸಿ ಆಯ್ತು. ಆಮೇಲೆ ಆನ್, ಆ ಹುಡುಗಿಗೆ ಕಿರುಚೋದು ಬಿಟ್ರೆ ಬೇರೆ ಕೆಲ್ಸಾನೇ ಕೊಟ್ಟಿಲ್ಲ, ನನ್ನ ಕ್ಲಾಸಿನಾಗೆ ಅರ್ಧಕ್ಕಿಂತ ಜಾಸ್ತಿ ಹೆಣ್ಮಕ್ಕಳು. ಕಾಂಗ್ ಊರಿಗೆ ನುಗ್ಗಿ ಜನರನ್ನ ಕೆಸರಿನಾಗೆ ತುಳಿಯೋದು ಬಾಯಾಗೆ ಹಾಕ್ಕಳ್ಳೋದು ಕೂಡ ಐತೆ, ಅವನ್ನ ತೆಗೆದು ತೋರಿಸ್ಲಾ ಅಂತ ಯೋಚ್ನೆ.

ಆದ್ರೆ ಬಿಡಕ್ಕೂ ಮನಸಿಲ್ಲ. ಯಾಕಂದ್ರೆ ನಮ್ಮವ್ವ. ಆನೆಗುಂದಿ ಕಡೆಯಾಕಿ, ಅಂಜನಾದ್ರಿ ಬೆಟ್ಟದ ಕೆಳಗೆ ಹುಟ್ಟಿ ಬೆಳೆದಾಕಿ, ಅಡಿಗೆಮನೆಯಿಂದ ಬಂದು ಕೊನೇ ಹತ್ತು ನಿಮಿಷ ನಿಂತ್ಕಂಡೇ ನೋಡಿದ್ಲು. ಕಾಂಗ್ ಎದೆ ಮುಟ್ಕಂಡು ಬೆರಳಿಗೆ ಹತ್ತಿದ ರಕ್ತ ನೋಡ್ಕಂತಾನಲ್ಲ, ಅಲ್ಲಿ ಸೆರಗು ಬಾಯಿಗೆ ಹಿಡಿದ್ಲು. ಬಿದ್ದ ಮೇಲೆ ಅಂದಿದ್ದಿಷ್ಟೆ, ಅಷ್ಟೆತ್ತರ ಹತ್ತಿದ್ದನ್ನ ಕೆಡವಿದ್ರಲ್ಲೋ, ಅವ್ರಿಗೆ ಪಾಪ ತಟ್ಟದೆ ಇರ್ತೈತಾ ಅಂತ. ತೊಂಬತ್ತು ವರ್ಷದ ಹಿಂದಿನ ಸಿನಿಮಾ, ಭಾಷೆ ಗೊತ್ತಿಲ್ಲ, ಕಥೆ ಗೊತ್ತಿಲ್ಲ, ಆಕಿಗೆ ಅದು ಹೆಂಗೆ ಮುಟ್ತು? ಬಲ್ಲೋರು ಹೇಳ್ರಿ, ಇದನ್ನ ಈಗ ಹೆಂಗೆ ನೋಡ್ಬೇಕು, ಪೂರ್ತಿ ತೋರಿಸ್ಲಾ, ಕತ್ತರಿಸಿ ತೋರಿಸ್ಲಾ, ಬೇಡವಾ?


ಕಿನ್ನಾಳದ_ಬಣ್ಣ:

ಮೇಷ್ಟ್ರ, ಆ ಕೂದಲಾ ಅಲ್ಲಾಡೋದನ್ನ ತಪ್ಪು ಅಂತ ಮಕ್ಕಳಿಗೆ ಹೇಳಬ್ಯಾಡ್ರಿ, ಕೈ ಮುಗಿತೀನಿ. ನಾನು ಕೊಪ್ಪಳ ತಾಲೂಕಿನ ಕಿನ್ನಾಳದಾವ, ಗೊಂಬಿ ಮಾಡೋ ಮನಿತನದಾಗ ಹುಟ್ಟಿದಾವ, ನನಗ ಆ ಸಿನಿಮಾದಾಗ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದ ಆ ಕೂದಲ.

ಅದು ಯಾಕ ಅಲ್ಲಾಡ್ತೈತಿ ಅಂದ್ರ, ಕಾಂಗ್ ಅಂದ್ರ ಸುಮಾರು 18 ಇಂಚಿನ ಗೊಂಬಿ, ನಮ್ಮ ಮೊಣಕಾಲಿಗೆ ಬರೋವಷ್ಟು. ಒಳಗ ಲೋಹದ ಎಲುಬು, ಕೀಲಿಗೆ ಕೀಲು ತಿರುಗೋ ಹಂಗ ಮಾಡಿದ್ದು, ಅದರ ಮ್ಯಾಲ ಹತ್ತಿ ರಬ್ಬರು ಹಚ್ಚಿ ಮಾಂಸಖಂಡ ತಿದ್ದಿ, ಕಡೀಕ ಮೊಲದ ಚರ್ಮ ಹೊಚ್ಚ್ಯಾರ. ಕಟ್ಟಿದಾವ ಮಾರ್ಸೆಲ್ ಡೆಲ್ಗಾಡೊ, ಮೆಕ್ಸಿಕೋದಾಗ ಹುಟ್ಟಿದ ಹುಡುಗ, ಮೊದಲ ಕಿರಾಣಿ ಅಂಗಡಿಯಾಗ ದುಡಿತಿದ್ದ. ಆಡಿಸಿದಾವ ವಿಲ್ಲಿಸ್ ಓಬ್ರಿಯನ್. ಒಂದು ಸೆಕೆಂಡಿಗೆ 24 ಫ್ರೇಮ್, ಅಂದ್ರ 24 ಫೋಟೋ ನೋಡ್ರಿ, ಹಂಗಾಗಿ ಗೊಂಬಿ ಕೈ ಒಂದು ಎಳ್ಳಿನಷ್ಟು ಸರಿಸಬೇಕು, ಒಂದು ಫ್ರೇಮ್ ತಗೀಬೇಕು, ಮತ್ತ ಎಳ್ಳಿನಷ್ಟು ಸರಿಸಬೇಕು, ಮತ್ತ ತಗೀಬೇಕು, ಒಂದು ನಿಮಿಷಕ್ಕ 1440 ಸರ್ತಿ. ಪ್ರತಿ ಸರ್ತಿ ಹಿಡಿದಾಗೂ ಬೆರಳು ಕೂದಲದ ಮ್ಯಾಲ ಬೀಳ್ತೈತಿ, ಕೂದಲ ಒಂದೊಂದು ಕಡಿ ಬಾಗ್ತೈತಿ, ಆಮ್ಯಾಲ ಓಡಿಸಿ ನೋಡಿದ್ರ ಮೈ ಎಲ್ಲಾ ಜುಮ್ ಅಂದಂಗ ಕಾಣ್ತೈತಿ. ಅಂದ್ರ ನೀವು ನೋಡೋದು ಗಾಳಿ ಅಲ್ಲ, ಓಬ್ರಿಯನ್ ಬೆರಳು. ಸತ್ತು ಅರವತ್ತು ವರ್ಷದ ಮ್ಯಾಲ ಆತು ಅವ, ಬೆರಳು ಇನ್ನೂ ಆಡಾಕ ಹತ್ತೈತಿ.

ನಮ್ಮ ಕಡೆ ಗೊಂಬಿ ಹೆಂಗ ಮಾಡ್ತೀವಿ ಅಂದ್ರ ಹಗುರ ಕಟ್ಟಿಗಿ ಕೆತ್ತಿ, ಕೈ ಕಾಲು ಬ್ಯಾರೆ ಬ್ಯಾರೆ ಮಾಡಿ ಹುಣಸೀಬೀಜದ ಅಂಟಿನಾಗ ಕೂಡಿಸಿ, ಗೋಣಿ ನಾರು ಕಟ್ಟಿಗಿ ಪುಡಿ ಕಲಿಸಿದ ಕಿಟ್ಟ ಮೆತ್ತಿ ಮೈ ತುಂಬಸ್ತೀವಿ. ಒಳಗ ಎಲುಬು, ಮ್ಯಾಲ ಖಂಡ, ಅದರ ಮ್ಯಾಲ ಚರ್ಮ, ಅದ ಕ್ರಮ. ಡೆಲ್ಗಾಡೊ ಮಾಡಿದ್ದು ಓದಿದಾಗ ನಮ್ಮಪ್ಪನ ಕೈ ಕಣ್ಮುಂದ ಬಂತು ನನಗ. ನಮ್ಮಪ್ಪ ಒಂದು ಮಾತು ಹೇಳ್ತಿದ್ದ, ಕಣ್ಣು ಬರದ ಮ್ಯಾಲ ಗೊಂಬಿ ಮುಂದ ಚಪ್ಪಲಿ ಹಾಕ್ಕೊಂಡು ಅಡ್ಡಾಡಬ್ಯಾಡ್ರಿ ಅಂತ.

ನಿಮಗ ಪುರಾವೆ ಬೇಕಂದ್ರ ಆ ಸಿನಿಮಾದಾಗ ಐತಿ. ಹತ್ರದ ಶಾಟಿಗೆ ಅಂತ ಅವರು ಒಂದು ಭಾರಿ ತಲಿ ಮಾಡಿದ್ರು, ಒಳಗ ಮೂರು ಮಂದಿ ಕುಂತು ಸನ್ನಿಕೋಲು ಎಳದು ಕಣ್ಣು ಬಾಯಿ ಆಡಸ್ತಿದ್ರು. ನೋಡ್ರಿ ಅದನ್ನ, ಹಲ್ಲು ಕಿಸ್ಕೊಂಡು ಸುಮ್ನ ಇರ್ತೈತಿ, ಜೀವ ಇಲ್ಲ. ದೊಡ್ಡದು ಸತ್ತೈತಿ, ಮೊಣಕಾಲೆತ್ತರದ್ದು ಬದುಕೈತಿ. ಆ ದೊಡ್ಡ ಹಲ್ಲಿಯಂಥಾ ಡೈನೋಸಾರ್ ಜೋಡಿ ಕಾದಾಡೋ ಸೀನ್ ಮುಗದ ಮ್ಯಾಲ, ಅದರ ದವಡಿ ಮುರದು ಕೊಂದ ಮ್ಯಾಲ, ಕಾಂಗ್ ಆ ದವಡಿ ಹಿಡದು ತಗದು ಮುಚ್ಚಿ ತಗದು ಮುಚ್ಚಿ ನೋಡ್ತಾನ, ಖರೇನ ಸತ್ತೈತೋ ಇಲ್ಲೋ ಅಂತ. ಸಣ್ಣ ಹುಡುಗರು ಸತ್ತ ಓತಿಕ್ಯಾತನ್ನ ಕಡ್ಡೀಲೆ ತಿವಿದು ನೋಡಿದಂಗ. ಅದು ಕಥಿಗೆ ಏನೂ ಬೇಕಿದ್ದಿಲ್ಲ. ಆಡಸಾವ ಒಂಟಿ ಕುಂತು ತನ್ನ ಮನಸಿನಿಂದ ಹಾಕಿದ್ದು ಅನಿಸ್ತೈತಿ ನನಗ, ನಿಮ್ಮವ್ವಗ ಮುಟ್ಟಿದ್ದು ಇಂಥಾವು.

ಮಕ್ಕಳಿಗೆ ಮೊದಲ ತೊಗಲು ಗೊಂಬಿ ಬಗ್ಗೆ ಹೇಳ್ರಿ. ನಮ್ಮ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರಗ 2025ರಾಗ ಪದ್ಮಶ್ರೀ ಬಂತಲ್ಲ, ತೊಂಬತ್ತು ದಾಟಿದ ಅಜ್ಜಿ. ಪರದೆ ಹಿಂದ ದೀಪ ಇಟ್ಟು ಗೊಂಬಿ ಆಡಿಸಿದಾಗ ಕೋಲು ಕಾಣ್ತೈತಿ, ಕೈ ನೆಳ್ಳು ಒಮ್ಮೊಮ್ಮೆ ಬೀಳ್ತೈತಿ, ಯಾರಾದ್ರೂ ನಗ್ತಾರೇನ್ರಿ? ಕೈ ಐತಿ ಅಂತ ಗೊತ್ತಿದ್ದ ರಾವಣಗ ಹೆದರ್ತೀವಿ. ಆ ಕಣ್ಣಿಟ್ಕೊಂಡು ನೋಡಸ್ರಿ.


ರಾಯಚೂರ್_ಕೋಟಿ:

ಕಿನ್ನಾಳದವರು ಹೇಳಿದ್ದು ಖರೆ ಅದ, ಕಲೆ ಬಗ್ಗೆ ನನ್ನ ತಕರಾರಿಲ್ಲ. ಆದ್ರ ಮೇಷ್ಟ್ರು ಎರಡನೇದು ಕೇಳ್ಯಾರಲ್ಲ ಆ ದ್ವೀಪದ ಮಂದಿ ಬಗ್ಗೆ, ಅದನ್ನ ಯಾರೂ ದಾಟಿ ಹೋಗಬ್ಯಾಡ್ರಿ ಅಂತ ನಾನು ಬರಿಯಾಕ ಕುಂತೀನಿ.

ದ್ವೀಪ ಇರೋದು ಸುಮಾತ್ರಾ ಕಡಿ, ಹಡಗಿನ ಕ್ಯಾಪ್ಟನ್ ಇವರ ಮಾತು ನಿಯಾಸ್ ದ್ವೀಪದವರ ಭಾಷಾದಂಗ ಅದ ಅಂತಾನ, ಆದ್ರ ಪಾತ್ರಕ್ಕ ಹಾಕಿದ್ದು ಅಮೆರಿಕಾದ ಕಪ್ಪು ಜನರನ್ನ. ದ್ವೀಪದ ಮಂದಿಯ ಮುಖಂಡನ ಪಾತ್ರ ಮಾಡಿದವರು ನೋಬಲ್ ಜಾನ್ಸನ್, ಅವರು ಸಾಮಾನ್ಯ ಮನಿಷ್ಯಾ ಅಲ್ಲ, 1916ರಾಗ ಕಪ್ಪು ಜನರದ್ದೇ ಆದ ಲಿಂಕನ್ ಅನ್ನೋ ಸಿನಿಮಾ ಕಂಪನಿ ಕಟ್ಟಿದವರೊಳಗ ಒಬ್ಬರು. ಅಂಥಾವರಿಗಿ ಮೈಗೆ ಪುಕ್ಕ ಕಟ್ಟಿ ಕುಣಸಿ, ನಿಮ್ಮ ಬಂಗಾರದ ಹೆಂಗಸನ್ನ ಕೊಡ್ರಿ ನಮ್ಮವು ಆರು ಹೆಣ್ಣು ಕೊಡ್ತೀನಿ ಅಂತ ಅನ್ನಿಸ್ಯಾರ. ಬಂಗಾರ ಅಂದ್ರ ಆಕಿ ಕೂದಲ. ಆನ್ ಪಾತ್ರ ಮಾಡಿದ ಫೇ ರೇ ಅವರದು ಖರೆ ಕೂದಲ ಕಂದು ಬಣ್ಣದ್ದು, ಹೊಂಬಣ್ಣದ ವಿಗ್ ಹಾಕ್ಸಿದ್ರು, ಕಪ್ಪು ಕಾಂಗ್ ಕೈಯಾಗ ಎದ್ದು ಕಾಣ್ಲಿ ಅಂತ. ಇದು ಯಾವ ವರ್ಷ? 1931ರಾಗ ಅಲಬಾಮಾದ ಸ್ಕಾಟ್ಸ್‌ಬರೊದಾಗ 9 ಮಂದಿ ಕಪ್ಪು ಹುಡುಗರ ಮ್ಯಾಲ ಬಿಳಿ ಹೆಣ್ಮಕ್ಕಳನ್ನ ಕೆಡಿಸಿದ್ರು ಅಂತ ಸುಳ್ಳು ಕೇಸ್ ಹಾಕಿ 8 ಮಂದಿಗಿ ಮರಣದಂಡನೆ ಬರೆದಿದ್ರು, ಆ ಕೇಸು ಇನ್ನೂ ನಡೀತಿತ್ತು ಈ ಸಿನಿಮಾ ಬಂದಾಗ. ಕೂಪರ್ ಮನಸಿನಾಗ ಅದಿತ್ತು ಅಂತ ನಾ ಅನ್ನಂಗಿಲ್ಲ. ಆದ್ರ ಕಡಲಾಚೆಯಿಂದ ಸರಪಳಿ ಹಾಕಿ ತಂದ ಒಂದು ದೊಡ್ಡ ಕಪ್ಪು ಮೈ, ಬಿಳಿ ಹೆಣ್ಣು, ಬಂದೂಕು, ಈ ಮೂರು ಒಂದೇ ಪರದೆ ಮ್ಯಾಲ ನೋಡಿದ ಅಲ್ಲಿಯ ಕಪ್ಪು ತಾಯಿಗಿ ಏನನಿಸಿರಬೇಕು, ಅದನ್ನ ನಾವು ಕೇಳಬೇಕಲ್ರಿ.

ನನಗ ಇದಕ್ಕಿಂತ ಹೆಚ್ಚು ಚುಚ್ಚಿದ್ದು ಒಂದು ಮಾತು. ಆ ದೊಡ್ಡ ಗೋಡಿ ಅದ ಅಲ್ಲ ದ್ವೀಪದಾಗ, ಅದನ್ನ ಕಟ್ಟಿದವರು ಯಾರೋ ದೊಡ್ಡ ನಾಗರಿಕತೆಯವರು, ಈಗ ಇರೋ ಮಂದಿ ಹಿಂದಕ್ಕ ಜಾರ್ಯಾರ, ಕಟ್ಟಿದವರನ್ನೇ ಮರ್ತಾರ ಅಂತಾನ ಡೆನ್ಹಮ್. ಇದು ನಮಗ ಹೊಸ ಮಾತೇನ್ರಿ? ಹಂಪಿ ಬಗ್ಗೆ ಇದೇ ಮಾತು ಕೇಳೀವಿ. 1900ರಾಗ ರಾಬರ್ಟ್ ಸೀವೆಲ್ ವಿಜಯನಗರದ ಮ್ಯಾಲ ಪುಸ್ತಕ ಬರೆದು ಹೆಸರಿಟ್ಟಿದ್ದೇ ಮರೆತುಹೋದ ಸಾಮ್ರಾಜ್ಯ ಅಂತ. ಆ ಮನಿಷ್ಯಾ ಮಾಡಿದ ಕೆಲಸ ದೊಡ್ಡದು, ಪೋರ್ಚುಗೀಸರ ಬರಹ ಹುಡುಕಿ ತಂದು ಕೊಟ್ಟ, ಅದಕ್ಕ ನಮಸ್ಕಾರ. ಆದ್ರ ಮರೆತವರು ಯಾರು? ವಿರೂಪಾಕ್ಷನ ಗುಡಿಯಾಗ ಪೂಜಿ ನಿಂತಿದ್ದಿಲ್ಲ, ಜಾತ್ರಿ ನಿಂತಿದ್ದಿಲ್ಲ, ನಮ್ಮ ಅಜ್ಜಿ ಮುತ್ತಜ್ಜಿ ಹಾಡಿನಾಗ ಹಂಪಿ ಇತ್ತು. ಹೊರಗಿನವರು ಬಂದು ನೋಡೋತನ ಊರು ಇದ್ದಿಲ್ಲ ಅನ್ನೋ ಹಂಗ ಮಾತಾಡೋದು, ಅದೇ ಡೆನ್ಹಮ್‌ನ ಮಾತು. ದ್ವೀಪದ ಮಂದಿಗಿ ಆ ಗೋಡಿ ಯಾಕದ ಅಂತ ಚಂದಾಗಿ ಗೊತ್ತಿತ್ತು, ದಿನಾ ಕಾವಲು ಮಾಡ್ತಿದ್ರು, ಡೆನ್ಹಮ್‌ಗೇ ಗೊತ್ತಿದ್ದಿಲ್ಲ. ಆ ಬಾಗಿಲ ಮುರಿಯಂಗ ಆಗಿದ್ದು ಇವರು ಬಂದ ಮ್ಯಾಲ.

ಇನ್ನೊಂದು, ಸಣ್ಣಂದಿಂದ ನನ್ನ ತಲಿಯಾಗ ಉಳಿದದ್ದು. ಕಾಂಗ್‌ನ್ನ ದ್ವೀಪದಾಗ ಕೆಡವಿದ ಕೂಡ್ಲೇ ಮುಂದಿನ ಸೀನ್ ನ್ಯೂಯಾರ್ಕ್ ನಾಟಕದ ಮನಿ. ಹೆಂಗ ಹೊತ್ರು? ಹಗ್ಗ ಎಷ್ಟು, ಮಂದಿ ಎಷ್ಟು, ಹಡಗಿನಾಗ ಏನು ತಿಂದ ಅವ? ಏನೂ ಇಲ್ಲ. ನಮ್ಮ ರಾಯಚೂರು ಕೋಟಿ ಗೋಡಿಯಾಗ 1294ರ ಒಂದು ಶಾಸನದ ಕಲ್ಲು ಅದ, ಸುಮಾರು 41 ಅಡಿ ಉದ್ದ ಒಂದೇ ಕಲ್ಲು. ಆ ಕಲ್ಲನ್ನ ಬಂಡಿ ಮ್ಯಾಲ ಹಾಕಿ ಕೋಣಗಳ ಉದ್ದ ಸಾಲು ಕಟ್ಟಿ ಎಳ್ಕೊಂಡು ಬಂದಿದ್ದನ್ನ ಅದೇ ಗೋಡಿ ಮ್ಯಾಲ ಚಿತ್ರ ಕೆತ್ತ್ಯಾರ. ಹೊತ್ತವರ ದುಡಿಮಿ ಕಾಣ್ಲಿ ಅಂತ ಏಳ್ನೂರು ವರ್ಷದ ಹಿಂದ ಅವರಿಗೆ ಅನಿಸಿತ್ತು. ಈ ಸಿನಿಮಾಕ್ಕ ಅನಿಸಿಲ್ಲ. ಮಕ್ಕಳಿಗೆ ತೋರಿಸ್ರಿ ಮೇಷ್ಟ್ರ, ಬ್ಯಾಡ ಅನ್ನಂಗಿಲ್ಲ, ಆದ್ರ ದ್ವೀಪದ ಸೀನ್ ಬಂದಾಗ ಪ್ರೊಜೆಕ್ಟರ್ ನಿಲ್ಸಿ ಹತ್ತು ನಿಮಿಷ ಮಾತಾಡ್ರಿ.


ಗರಡಿಮನಿ_ಅಜ್ಜ:

ನಾನು ಸಿಂಧನೂರು ತಾಲೂಕಿನವ, ವಯಸ್ಸು 74. ನಮಗ ಕಿಂಗ್ ಕಾಂಗ್ ಅಂದ್ರ ಪೈಲ್ವಾನ. ಹಂಗೇರಿ ದೇಶದಾವ, ಖರೆ ಹೆಸರು ಎಮಿಲ್ ಝಾಯಾ, ಬೆಟ್ಟದಂಥ ಆಳು, ದಾರಾಸಿಂಗ್ ಜೋಡಿ ಕುಸ್ತಿ ಆಡ್ತಿದ್ದ, ಪೇಪರಿನಾಗ ಬಂದ ಫೋಟೋ ಕತ್ತರಿಸಿ ನಮ್ಮ ಗರಡಿ ಗ್ವಾಡಿಗಿ ಹಚ್ಚಿದ್ವಿ. 1962ರಾಗ ದಾರಾಸಿಂಗ್ ಹೀರೋ ಆಗಿ ಅದೇ ಹೆಸರಿಲೆ ಒಂದು ಹಿಂದಿ ಸಿನಿಮಾನೂ ಬಂದಿತ್ತು. ಆ ಮಂಗ್ಯಾನ ಸಿನಿಮಾ ನಾನು ನೋಡಿದ್ದು ಮೊಮ್ಮಗನ ಫೋನಿನಾಗ ಮೂರು ವರ್ಷದ ಹಿಂದ. ಒಂದು ಹೇಳ್ತೀನಿ, ಆ ದೊಡ್ಡ ಹಲ್ಲಿ ಜೋಡಿ ಕಾಂಗ್ ಆಡೋದು ಬಡಿದಾಟ ಅಲ್ಲ, ಕುಸ್ತಿ. ಕಾಲು ಹಿಡದು ಎಳೀತಾನ, ಹೆಗಲ ಮ್ಯಾಲಿಂದ ಒಗೀತಾನ, ಬೆನ್ನು ಹತ್ತಿ ಕುಂತು ದವಡಿ ಹಿಡೀತಾನ. ಎಲ್ಲಾ ಪಟ್ಟು ಗುರ್ತು ಸಿಕ್ಕವು ನನಗ. ಗೊಂಬಿ ಆಡಿಸಿದವರು ಕುಸ್ತಿ ನೋಡಿದವರೇ ಇರಬೇಕು, ತೂಕ ಎಲ್ಲಿ ಬೀಳಬೇಕೋ ಅಲ್ಲೇ ಬೀಳ್ತದ.


ಕೌಲ್‌ಬಜಾರ್_ರಾತ್ರಿ:

ಬಳ್ಳಾರಿಯಿಂದ. ಅಜ್ಜಾರಿಗೆ ನಮಸ್ಕಾರ, ನಿಮ್ಮ ಮಾತು ಓದಿ ಆ ಸೀನ್ ಮತ್ತೆ ಹಾಕಿ ನೋಡ್ದೆ, ನಿಜ ಐತೆ.

ಮೇಷ್ಟ್ರೇ, ನೀವು ತುಳಿಯೋ ಸೀನ್ ತೆಗೆದು ತೋರಿಸ್ಲಾ ಅಂತ ಕೇಳಿದ್ರಲ್ಲ, ಅದಕ್ಕೊಂದು ಹಳೇ ಕಥೆ ಐತೆ, ಇದನ್ನ ತಿಳ್ಕಂಡ್ರೆ ಇಡೀ ಸಿನಿಮಾ ಬೇರೆ ಥರ ಕಾಣ್ತೈತೆ. ನೀವು ಮಾಡಬೇಕು ಅಂದ್ಕಂಡಿದ್ದನ್ನ ಅವರು 1938ರಾಗೇ ಮಾಡಿದ್ರು. 1933ರಾಗೆ ಬಂದಾಗ ಕಾಂಗ್ ಊರಿನೋರನ್ನ ಕೆಸರಿಗೆ ತುಳಿಯೋದು, ಮನುಷ್ಯರನ್ನ ಕಚ್ಚೋದು, ಆನ್ ಬಟ್ಟೆ ಸುಲಿದು ಬೆರಳು ಮೂಸೋದು, ನ್ಯೂಯಾರ್ಕ್‌ನಾಗೆ ಮಲಗಿದ್ದ ಬೇರೆ ಯಾವುದೋ ಹೆಂಗಸನ್ನ ಆನ್ ಅಂದ್ಕಂಡು ಕಿಟಕಿಯಿಂದ ಎಳೆದು ಇವಳಲ್ಲ ಅಂತ ಗೊತ್ತಾದ ತಕ್ಷಣ ಅಷ್ಟೆತ್ತರದಿಂದ ಕೆಳಗೆ ಬಿಡೋದು, ಎಲ್ಲಾ ಇತ್ತು. ಆಮೇಲೆ ಹಾಲಿವುಡ್‌ನಾಗೆ ಸೆನ್ಸಾರ್ ಕಟ್ಟುನಿಟ್ಟಾಯ್ತು, 1938ರಾಗೆ ಮತ್ತೆ ರಿಲೀಸ್ ಮಾಡೋವಾಗ ಇವನ್ನೆಲ್ಲ ಕತ್ತರಿ ಹಾಕಿ ತೆಗೆದ್ರು. ಆ ತುಂಡುಗಳು ಮತ್ತೆ ಸಿಕ್ಕು ಜೋಡಿಸಿದ್ದು 1970ರ ಸುಮಾರಿಗೆ. 1952ರಾಗೆ ಮತ್ತೆ ಬಿಟ್ಟಾಗ ಜನ ಮುಗಿಬಿದ್ದು ನೋಡಿದ್ದೂ ಕತ್ತರಿಸಿದ್ದನ್ನೇ.

ಅಂದ್ರೆ ನೋಡ್ರಿ, ಮೂವತ್ತು ವರ್ಷಕ್ಕಿಂತ ಜಾಸ್ತಿ ಜಗತ್ತು ನೋಡಿದ್ದು ಕೊಲ್ಲೋದನ್ನ ಕಡಿಮೆ ಮಾಡಿದ ಕಾಂಗ್‌ನ. ಪಾಪದ ಪ್ರಾಣಿ, ಪ್ರೀತಿಗೆ ಸತ್ತೋನು, ಅಂತ ನಾವೆಲ್ಲ ಹೇಳೋ ಮಾತು ಇದೆಯಲ್ಲ, ಅದರಾಗೆ ಅರ್ಧ ಆ ಕತ್ತರಿ ಕೆಲ್ಸ ಅಂತ ನಂಗೆ ಬಲವಾಗಿ ಅನಿಸ್ತೈತೆ. ಹಳೇ ಸಿನಿಮಾನ ಈಗಿನ ಕಣ್ಣಿನಾಗೆ ನೋಡ್ತೀವಿ ಅಂತೀವಿ, ಆದ್ರೆ ಇವತ್ತು ನಿಮ್ಮ ಗೋಡೆ ಮೇಲೆ ಬೀಳೋದು ನಮ್ಮ ಅಪ್ಪಂದಿರು ನೋಡಿದ್ದಕ್ಕಿಂತ ಹಳೇದು, 1933ರಾಗೆ ಸಿನಿಮಾ ಬಂದ ಮೊದಲ್ನೇ ವಾರದ ಜನ ನೋಡಿದ್ದು. ಅದರಾಗೆ ಕಾಂಗ್ ಭಯಂಕರ. ಓಡೋ ಊರಿನೋರ ಮೇಲೆ ಕಾಲಿಡ್ತಾನೆ. ಅಷ್ಟಾದ್ರೂ ಕೊನೆಗೆ ನಿಮ್ಮ ತಾಯಿ ಬಾಯಿಗೆ ಸೆರಗು ಹಿಡಿದ್ರಲ್ಲ, ಅದು ದೊಡ್ಡದು. ತಪ್ಪೇ ಮಾಡದೆ ಇರೋನ ಮೇಲೆ ಅಯ್ಯೋ ಅನ್ನೋದು ಸುಲಭ, ಇವನು ಮಾಡಿದ್ದೆಲ್ಲ ನೋಡಿ ಅಯ್ಯೋ ಅನ್ನಿಸ್ತೈತಲ್ಲ ಅದು ಕಷ್ಟದ್ದು. ಅವರು ಬರೀ ಕೊನೇ ಹತ್ತು ನಿಮಿಷ ನೋಡ್ಯಾರೆ ಅಂದ್ರಿ, ಒಂದ್ಸಲ ಮೊದ್ಲಿಂದ ತೋರಿಸಿ ಆಮೇಲೆ ಏನಂತಾರೆ ಕೇಳ್ರಿ, ನಂಗೆ ನಿಜವಾಗ್ಲೂ ಗೊತ್ತಾಗ್ಬೇಕು.

ಆನ್ ಬಗ್ಗೆ. ಆ ಹುಡುಗಿ ಕಿರುಚ್ತಾಳೆ ನಿಜ, ಆದ್ರೆ ಒಂದು ಗಮನಿಸ್ರಿ, ಕೊನೇತನಕ ಆಕಿಗೆ ಕಾಂಗ್ ಮೇಲೆ ಒಂದ್ ಚೂರೂ ಕನಿಕರ ಬರಲ್ಲ. 1976ರಾಗೆ, 2005ರಾಗೆ ಮತ್ತೆ ಮಾಡಿದಾಗ ಹೀರೋಯಿನ್‌ಗೂ ಕಾಂಗ್‌ಗೂ ಸ್ನೇಹ ಬೆಳೆಸಿ ಆಕೀನೇ ಅಳಿಸಿದ್ರು. ನಂಗೆ 1933ರದ್ದೇ ಸರಿ ಅನಿಸ್ತೈತೆ. ತನ್ನನ್ನ ಎತ್ಕಂಡು ಹೋದೋನ ಮೇಲೆ ಆಕಿ ಯಾಕೆ ಕನಿಕರ ಪಡ್ಬೇಕು? ನಿಮ್ಮ ಹೆಣ್ಮಕ್ಕಳಿಗೆ ಇದನ್ನೇ ಕೇಳ್ರಿ. ಆಕಿ ಹೆದರಿಕೆ ಪೂರಾ ನ್ಯಾಯ. ಆ ಸಿನಿಮಾದ ಒಳಗೆ ಕಾಂಗ್‌ಗೆ ಅಂತ ಅಳೋರು ಯಾರೂ ಇಲ್ಲ, ಡೆನ್ಹಮ್ ಬಂದು ವಿಮಾನ ಅಲ್ಲ, ಚೆಲುವೆ ಕೊಂದಿದ್ದು ಅಂತ ಡೈಲಾಗ್ ಹೊಡೆದು ತಪ್ಪನ್ನ ಆಕಿ ತಲೆಗೆ ಕಟ್ಟಿ ಹೋಗ್ತಾನೆ. ಆ ಡೈಲಾಗ್ ಕೇಳಿದಾಗೆಲ್ಲ ನಂಗೆ ಮೈ ಉರೀತೈತೆ. ತಂದೋನು ನೀನು, ಕಟ್ಟಿದೋನು ನೀನು, ಟಿಕೆಟ್ ಮಾರಿದೋನು ನೀನು. ಅಳೋ ಕೆಲ್ಸ ಮಾಡೋದು ಮ್ಯಾಕ್ಸ್ ಸ್ಟೈನರ್ ಸಂಗೀತ ಒಂದೇ. ಶುರುವಿನಾಗೆ ನ್ಯೂಯಾರ್ಕ್ ಸೀನ್‌ನಾಗೆ ಸಂಗೀತಾನೇ ಇಲ್ಲ ನೋಡ್ರಿ, ಹಡಗು ಮಂಜಿನಾಗೆ ದ್ವೀಪದ ಹತ್ರ ಹೋಗೋವಾಗ ಸಣ್ಣಗೆ ಶುರುವಾಗ್ತೈತೆ, ಆಮೇಲೆ ಬಹಳಷ್ಟು ಕಡೆ ಇರ್ತೈತೆ. ಮಕ್ಕಳಿಗೆ ಹೇಳಬೇಡ್ರಿ ಇದನ್ನ, ಅವರೇ ಹಿಡೀತಾರಾ ನೋಡ್ರಿ.

ಇನ್ನೊಂದು ಮಾತು, ಕೊನೇಗೆ ವಿಮಾನದಾಗೆ ಕೂತು ಕಾಂಗ್‌ಗೆ ಗುಂಡು ಹೊಡೆಯೋ ಪೈಲಟ್ಟು ಮತ್ತೆ ಗನ್ನರ್ ಇದಾರಲ್ಲ, ಆ ಪಾತ್ರ ಮಾಡಿದ್ದು ಕೂಪರ್ ಮತ್ತೆ ಶೋಡ್‌ಸ್ಯಾಕೇ. ಕತ್ತರಿಸಬೇಡ್ರಿ. ಪೂರ್ತಿ ತೋರಿಸ್ರಿ.


ದರೋಜಿ_ಕೆರೆ:

ಎಲ್ರೂ ದೊಡ್ಡ ದೊಡ್ಡ ಮಾತು ಬರ್ದೀರಿ, ನಂದು ಸಣ್ಣದು. ನಾನು ಸಣ್ಣಾಕಿ ಇದ್ದಾಗ ನಮ್ಮೂರಿಗೆ ಕರಡಿ ಆಡ್ಸೋರು ಬರ್ತಿದ್ರು. ಮೂಗಿಗೆ ತೂತು ಮಾಡಿ ಹಗ್ಗ ಹಾಕಿರೋರು. ಡಮರು ಬಾರಿಸಿದ್ರೆ ಎರಡು ಕಾಲಿನ ಮೇಲೆ ನಿಂತ್ಕಳ್ಳೋದು. ನಂಗೆ ರಾತ್ರಿ ಬೆಚ್ಚಿ ಬೀಳೋ ರೋಗ ಇತ್ತು ಅಂತ ನಮ್ಮಜ್ಜಿ ಒಂದು ಮೊರ ಜೋಳ ಕೊಟ್ಟು ನನ್ನ ಕರಡಿ ಮೇಲೆ ಕೂರ್ಸಿದ್ಲು, ಅದರ ಕೂದ್ಲು ತಾಯತಕ್ಕೆ ಹಾಕಿ ಕೊರಳಿಗೆ ಕಟ್ಟಿದ್ಲು. ಅದರ ಮೈ ಬಿಸಿ ಇತ್ತು, ಉಸಿರಾಡಿದಾಗ ನನ್ನ ಕಾಲು ಮೇಲೆ ಕೆಳಗೆ ಆಗ್ತಿತ್ತು. ಅದು ನಂಗೆ ಹೆದರಿಕೆ ಹೋಗ್ಲಿ ಅಂತ ನಿಂತಿತ್ತು, ಅದಕ್ಕೆಷ್ಟು ಹೆದರಿಕೆ ಇತ್ತೋ ಏನೋ, ಯಾರೂ ಕೇಳ್ಲಿಲ್ಲ.

ಕಾಂಗ್‌ನ ಸ್ಟೇಜ್ ಮೇಲೆ ಎರಡೂ ಕೈ ಚಾಚಿ ಕಬ್ಬಿಣಕ್ಕೆ ಬಿಗಿದು ನಿಲ್ಸಿರೋದು ನೋಡಿದಾಗ ಆ ಬಿಸಿ ಮೈ ನೆನಪಾಗಿ ನಾನು ಸಿನಿಮಾ ಅಲ್ಲೇ ನಿಲ್ಸಿಬಿಟ್ಟಿದ್ದೆ, ಮತ್ತೆ ಹಾಕಿದ್ದು ಒಂದು ವಾರ ಆದ ಮೇಲೆ. ಈಗ ನಾನಿರೋದು ದರೋಜಿ ಹತ್ರ. 1994ರಾಗೆ ಇಲ್ಲಿ ಕರಡಿಧಾಮ ಮಾಡಿದ್ರು. ಸಂಜೆ ಬಂಡೆ ಮೇಲೆ ಬೆಲ್ಲ ಕಲಸಿದ್ದು ಬಳಿದು ಹೋಗ್ತಾರೆ, ಕರಡಿಗಳು ಮರಿ ಬೆನ್ನಿಗೆ ಹಾಕ್ಕಂಡು ಇಳಿದು ಬರ್ತಾವೆ, ಜನ ದೂರದ ಗೋಪುರದಾಗೆ ಸುಮ್ನೆ ಕುಂತು ನೋಡ್ತಾರೆ. ಮೇಷ್ಟ್ರೇ, ಸಂಡೂರಿನಿಂದ ದೂರ ಏನಿಲ್ಲ, ಸಿನಿಮಾ ಆದ ಮೇಲೆ ಒಂದಿನ ಮಕ್ಕಳನ್ನ ಕರ್ಕಂಡು ಬರ್ರಿ.


ಸಂಡೂರ್_ಮೇಷ್ಟ್ರು:

ಎಲ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮೊನ್ನೆ ಶನಿವಾರ ತೋರಿಸ್ದೆ, ಪೂರ್ತಿ, ಏನೂ ತೆಗೀದಂಗೆ. 26 ಮಕ್ಕಳು ಕುಂತಿದ್ರು. ನಡುವೆ ಕರೆಂಟ್ ಹೋಗಿ ಮುಕ್ಕಾಲು ಗಂಟೆ ಕಾದ್ವಿ, ಒಬ್ರೂ ಮನೆಗೆ ಹೋಗ್ಲಿಲ್ಲ.

ಮೊದ್ಲು ನಕ್ರು, ಸುಳ್ಳು ಹೇಳಲ್ಲ. ಕಾಂಗ್ ಮೊದಲ್ನೇ ಸಲ ಮರ ಸರಿಸ್ಕಂಡು ಬಂದಾಗ ಜೋರಾಗಿ ನಕ್ರು. ಆವಾಗ ನಿಲ್ಸಿ ಕಿನ್ನಾಳದೋರು ಹೇಳಿದ್ದನ್ನ ಹೇಳ್ದೆ, ಕೂದ್ಲು ಅಲ್ಲಾಡೋದು ಬೆರಳು ಅಂತ. ಅಷ್ಟೆ, ಆಮೇಲೆ ನಗು ಇಲ್ಲ, ಮುಂದೆ ಜರುಗಿ ಗೋಡೆಗೆ ಮೂಗು ಹಚ್ಚಿ ಬೆರಳು ಹುಡುಕೋಕೆ ಕುಂತ್ರು. ಅಗೋ ಸಾರ್ ಈಗ ಭುಜ ಹಿಡಿದ್ರು, ಈಗ ತಲೆ ಹಿಡಿದ್ರು ಅಂತ. ದವಡೆ ತೆಗೆದು ಮುಚ್ಚಿ ನೋಡೋ ಸೀನ್ ಮೂರು ಸಲ ಹಾಕ್ಸಿದ್ರು.

ದ್ವೀಪದ ಸೀನ್‌ನಾಗೆ ರಾಯಚೂರಿನೋರು ಹೇಳಿದಂಗೆ ನಿಲ್ಸಿದೆ. ನಾನು ಮಾತು ತೆಗೆಯೋಕಿಂತ ಮೊದ್ಲೇ ಒಂದು ಹುಡುಗಿ, ಅವರಪ್ಪ ಅವ್ವ ಇಬ್ರೂ ಗಣಿ ಕಡೆ ಕೂಲಿ, ಎದ್ದು ಕೇಳಿದ್ಲು, ಸಾರ್ ಕಾಂಗ್ ಒಳಗೆ ಬರಬಾರ್ದು ಅಂತ ಗೋಡೆ ಕಟ್ಯಾರೆ ಅಂದ್ಮೇಲೆ ಕಾಂಗ್ ಹಿಡಿಯೋವಷ್ಟು ದೊಡ್ಡ ಬಾಗ್ಲು ಯಾಕಿಟ್ರು ಅಂತ. ನಂಗೆ ಉತ್ತರ ಬರ್ಲಿಲ್ಲ. ಇನ್ನೊಬ್ಬ ಅಂದ, ಮೊದ್ಲು ಅವರು ಕಾಂಗ್ ಜೊತೆ ಚೆನ್ನಾಗಿದ್ರೇನೋ, ಅವನು ಒಳಗೆ ಬಂದು ಹೋಗಿ ಮಾಡ್ತಿದ್ನೇನೋ ಅಂತ. ಹಂಗೆ ನಾನು ಯಾವತ್ತೂ ಯೋಚ್ನೆ ಮಾಡಿದ್ದಿಲ್ಲ. ಆಮೇಲೆ ಹಂಪಿ ಮಾತು ಹೇಳ್ದೆ, ಡೆನ್ಹಮ್ ಮಾತನ್ನ ಮತ್ತೆ ಹಾಕಿ ಕೇಳಿಸ್ದೆ, ಹತ್ತು ನಿಮಿಷ ಅಂದಿದ್ದು ಅರ್ಧ ಗಂಟೆ ಆಯ್ತು. ಸಂಗೀತದ್ದು ಮಾತ್ರ ಯಾರೂ ಹಿಡೀಲಿಲ್ಲ.

ತುಳಿಯೋ ಸೀನ್‌ನಾಗೆ ಒಂದಿಬ್ರು ಸಣ್ಣೋರು ಮುಖ ಮುಚ್ಕಂಡ್ರು. ಕೊನೇಗೆ ಬಿದ್ದಾಗ ಕ್ಲಾಸು ನಿಶ್ಶಬ್ದ. ಆನ್ ಬಗ್ಗೆ ಹೆಣ್ಮಕ್ಕಳನ್ನ ಕೇಳಿದ್ದಕ್ಕೆ, ಆಕಿ ಕಿರುಚಿದ್ದು ಸರಿ ಐತೆ ಸಾರ್, ಆದ್ರೆ ಕಾಂಗ್ ಸತ್ತಿದ್ದು ಸರಿ ಇಲ್ಲ ಅಂದ್ರು, ಎರಡನ್ನೂ ಒಂದೇ ಉಸಿರಿನಾಗೆ. ಅವ್ವಗೂ ಮೊದ್ಲಿಂದ ತೋರಿಸ್ದೆ, ಕೌಲ್‌ಬಜಾರ್‌ನೋರು ಕೇಳಿದ್ರು ಅಂತ. ಊರು ತುಳಿದಾಗ ಬೈದ್ಲು, ಥೂ ನಿನ್ನ ಕೈ ಸೇದಿ ಹೋಗ ಅಂತ. ಕೊನೇಗೆ ಮತ್ತೆ ಸೆರಗು ಬಾಯಿಗೆ ಹಿಡಿದ್ಲು. ಏನವ್ವಾ ಬೈದಿದ್ದೆಲ್ಲ ಅಂದ್ರೆ, ಬೈದೆ, ಸಾಯಿ ಅಂದಿದ್ನಾ ಅಂದ್ಲು.

ದರೋಜಿಗೆ ದಸರಾ ರಜೆಗೆ ಬರ್ತೀವಿ ಅಕ್ಕ, ಹೆಡ್‌ಮಾಸ್ಟರ್ ಹತ್ರ ಕೇಳೀನಿ.

ಈಗ ಹೊಸ ತೊಂದ್ರೆ. ಮಣ್ಣೆತ್ತಿನ ಅಮಾಸೆ ಬಂತಲ್ಲ, ಮಕ್ಕಳು ಮಾಡಿದ ಮಣ್ಣಿನ ಎತ್ತು ತಂದು, ಸಾರ್ ಇವನ್ನ ನಡೆಸೋಣ ಅಂತ ಗಂಟು ಬಿದ್ದಾರೆ. ನನ್ನ ಮೊಬೈಲ್‌ನಾಗೆ ಸೆಕೆಂಡಿಗೆ 12 ಫೋಟೋ ಲೆಕ್ಕದಾಗೆ ತೆಗೆದು ನೋಡಿದ್ವಿ, ಎತ್ತು ನಾಲ್ಕು ಹೆಜ್ಜೆ ಇಡ್ತು, ಮೈಮೇಲೆ ಬೆರಳಚ್ಚು ಗುಳು ಗುಳು ಅಂತ ಓಡಾಡ್ತಾವೆ, ಮಕ್ಕಳಿಗೆ ಕುಣಿದಾಡೋವಷ್ಟು ಖುಷಿ. ಆದ್ರೆ ಎರಡು ಸಮಸ್ಯೆ. ಮಣ್ಣು ಒಣಗಿದ ಕೂಡ್ಲೇ ಕಾಲು ಮುರೀತೈತೆ, ಮತ್ತೆ ಪ್ರತಿ ಸಲ ಒತ್ತಿದಾಗ ಮೊಬೈಲು ಸರೀತೈತೆ. ಕಿನ್ನಾಳದ ಅಣ್ಣಾರೆ, ಏನ್ಮಾಡೋಣ?


ಕಿನ್ನಾಳದ_ಬಣ್ಣ:

ಮೇಷ್ಟ್ರ, ಕಾಲೊಳಗ ತಂತಿ ಹಾಕ್ರಿ, ಸೈಕಲ್ ಅಂಗಡ್ಯಾಗ ಸಣ್ಣ ತಾಮ್ರದ ತಂತಿ ಸಿಗ್ತೈತಿ, ಎರಡು ಎಳಿ ಹೊಸದು ನಾಕೂ ಕಾಲಿಗೆ ಬೆನ್ನೆಲುಬಿಗೆ ಒಂದ ತುಂಡು ಓಡಸ್ರಿ. ಮಣ್ಣಿಗೆ ಒಂದೀಟು ಹತ್ತಿ ಹರದು ಕಲಸ್ರಿ, ಬಿರಿಯಂಗಿಲ್ಲ. ಆಡಸೂದು ಮುಗಿಯೋತನ ಹಸಿ ಅರಿವಿ ಹೊಚ್ಚಿ ಇಡ್ರಿ, ಒಣಗಾಕ ಬಿಡಬ್ಯಾಡ್ರಿ. ಮೊಬೈಲು ಎರಡು ಇಟ್ಟಂಗಿ ನಡುವ ಸಿಗಸಿ ಗೋಧಿ ಹಿಟ್ಟಿನ ಕಣಕ ಮೆತ್ತಿ ಬಿಡ್ರಿ, ಕೈಲೆ ಒತ್ತಬ್ಯಾಡ್ರಿ, ಇಯರ್‌ಫೋನ್ ವೈರ್ ಚುಚ್ಚಿ ಅದರ ಸೌಂಡ್ ಬಟನ್ ಒತ್ತಿದ್ರ ಫೋಟೋ ಬೀಳ್ತೈತಿ. ಬೆಳಕು ಕಿಟಕೀದು ಬ್ಯಾಡ, ಮೋಡ ಬಂದು ಹೋದ್ರ ಎತ್ತಿನ ಮ್ಯಾಲ ಹಗಲು ರಾತ್ರಿ ಆಗ್ತೈತಿ, ಒಂದ ಬಲ್ಬ್ ಹಚ್ಚಿಕೊಳ್ರಿ. ಮುಂದಿನ ವಾರ ಸಂಡೂರು ಕಡೆ ಬರೋದೈತಿ ನನಗ, ನಮ್ಮಪ್ಪನ ಹಳೇ ಉಳಿ ಒಂದೆರಡು ತರ್ತೀನಿ, ಶನಿವಾರ ಎಷ್ಟೊತ್ತಿಗೆ ಬರ್ಲಿ ಹೇಳ್ರಿ.